ಅಡುಗೆಮನೆ ದೀಪದ ಬಿಳಿ

ಬೆರ್ಗೆನ್
9 ಅಕ್ಟೋಬರ್ 1988

ಅಮ್ಮಾ,

ಕೈಯಲ್ಲಿರುವ ಕಾಫಿ ಬಟ್ಟಲನ್ನು ಮೊದಲು ಕೆಳಗಿಡು, ಆಮೇಲೆ ಓದು. ನಿನ್ನ ಚಿತ್ರಗಳ ಪ್ರದರ್ಶನ ನಡೆಯುತ್ತದೆ. ಇಲ್ಲಿ ಬೆರ್ಗೆನ್‌ನಲ್ಲಿ, ಬಂದರಿನ ಹಿಂದಿನ ಹಳೇ ಹಗ್ಗದ ಕಾರ್ಖಾನೆಯಲ್ಲಿ. ಈಗ ಅದು ಚಿತ್ರಶಾಲೆ. ಜನವರಿ ಮೊದಲ ಶನಿವಾರ ಬಾಗಿಲು ತೆರೆಯುತ್ತದೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಇಡೀ ಹಾವ್ನೆಸ್ ದ್ವೀಪಕ್ಕೆ ಕೇಳಿಸುವ ಹಾಗೆ ಕೂಗುತ್ತೀ, ನಾನು ವಿಷಯಕ್ಕೆ ಬರುವ ಮುಂಚೆಯೇ "ಬಿಲ್ಲು ಏರುತ್ತೆ, ಇಡ್ತೀನಿ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಕಾಗದ.

ಈಸ್ಟರ್‌ಗೆ ಬಂದಾಗ ದೋಣಿಮನೆಯ ಅಟ್ಟದಲ್ಲಿ ಲಾಟೀನು ಇಟ್ಟುಕೊಂಡು ಕಪ್ಪು-ಬಿಳುಪು ಫೋಟೊ ತೆಗೆದಿದ್ದೆನಲ್ಲ, ಅವನ್ನು ಹಾಲ್ವರ್‌ಗೆ ತೋರಿಸಿದೆ. ಚಿತ್ರಶಾಲೆ ನಡೆಸುವವನು ಅವನೇ. ಮಾತು ಕಡಿಮೆ, ಗಡ್ಡ ಜಾಸ್ತಿ. ಫೋಟೊಗಳನ್ನು ಮೇಜಿನ ಮೇಲೆ ಹರಡಿಕೊಂಡು ಎಷ್ಟೋ ಹೊತ್ತು ನೋಡಿದ.

"ಯಾರು ಬರೆದಿದ್ದು?"

"ನಮ್ಮಮ್ಮ."

"ಎಲ್ಲಿ ಕಲಿತ್ರು?"

"ಮೀನು ಕಾರ್ಖಾನೆ ಕ್ಯಾಂಟೀನಲ್ಲಿ. ಅಡುಗೆ ಮಾಡ್ತಿದ್ರು."

ಅವನು ನಗಲಿಲ್ಲ. "ಎಲ್ಲಾನೂ ತರಿಸು" ಎಂದ. ಅಷ್ಟೇ ಅಲ್ಲ, ಚಿತ್ರಗಳಿಗೆ ಬೆಳಕು ಕೂರಿಸುವ ಕೆಲಸವೂ ನನಗೇ. ಇಷ್ಟು ವರ್ಷ ನಾಟಕದವರಿಗೆ ದೀಪ ಹಾಕಿದ್ದೇನೆ. ನಾನು ಹೇಳಿದ ಜಾಗದಲ್ಲಿ ಅವರು ಎಂದೂ ನಿಲ್ಲುವುದಿಲ್ಲ. ಚಿತ್ರವಾದರೆ ನಿಂತಲ್ಲೇ ನಿಂತಿರುತ್ತದೆ, ಎಷ್ಟು ಸುಖದ ಕೆಲಸ ಎಂದುಕೊಂಡು ನಿನ್ನೆಯಿಂದ ಕಾಲು ನೆಲದ ಮೇಲಿಲ್ಲ. ಪೆಡರ್ ಮಾವನಿಗೆ ಹೇಳಿ ಪೆಟ್ಟಿಗೆ ಹೊಡೆಸು. ಮುಂದಿನ ಹಡಗಿಗೇ ಕಳಿಸು. ಬೇಡ ಎನ್ನಬೇಡ.

ನಿನ್ನ
ಎಲ್ದ್ರಿದ್


ಹಾವ್ನೆಸ್
21 ಅಕ್ಟೋಬರ್

ಮಗಳೇ,

ಬಟ್ಟಲು ಕೆಳಗಿಟ್ಟಿದ್ದೆ, ಆದರೂ ಮೇಜುಬಟ್ಟೆ ಹಾಳಾಯಿತು. ಮೊಣಕೈ ತಗುಲಿತು. ಲೆಕ್ಕಕ್ಕೆ ಅದು ನಿನ್ನದೇ ತಪ್ಪು.

ಮೂರು ದಿನ ಬೇಡ ಎಂದೇ ಅಂದುಕೊಂಡಿದ್ದೆ. ಆಮೇಲೆ ಪೆಡರ್ ಬಂದು, "ತೋರ್ದಿಸ್, ಬೆರ್ಗೆನ್‌ನೋರು ನಿನ್ನ ಚಿತ್ರ ನೋಡಿ ಏನು ಮಾಡ್ತಾರಂತೆ? ಅವರ ಊರಲ್ಲಿ ಹಿಮ ಬಿದ್ರೆ ಮಧ್ಯಾಹ್ನಕ್ಕೇ ನೀರಾಗುತ್ತೆ" ಎಂದ. ಆಗ ಹಠ ಬಂತು. ಹನ್ನೊಂದು ಚಿತ್ರಗಳನ್ನು ಹಳೇ ಕಂಬಳಿಗಳಲ್ಲಿ ಸುತ್ತಿ, ಪೆಡರನಿಂದಲೇ ಪೆಟ್ಟಿಗೆ ಹೊಡೆಸಿ ಹಡಗಿಗೆ ಹಾಕಿಸಿದ್ದೇನೆ. ಮೊಳೆ ಹೊಡೆಯುವಷ್ಟು ಹೊತ್ತೂ ಅವನು ಬೆರ್ಗೆನ್‌ನವರನ್ನು ಬೈಯುತ್ತಲೇ ಇದ್ದ.

ಅಟ್ಟದಿಂದ ಇಳಿಸುವಾಗ ನಾನೂ ಅವನ್ನು ಬಿಚ್ಚಿ ನೋಡಲಿಲ್ಲ. ನಿನಗೆ ಗೊತ್ತೇ ಇದೆ, ಎರಡು ತಿಂಗಳು ಸೂರ್ಯನೇ ಹುಟ್ಟದ ಕತ್ತಲೆಗಾಲದಲ್ಲಿ ಬರೆಯುತ್ತೇನೆ, ಅವನು ಮರಳಿ ಕಾಣುವ ಸೂರ್ಯನ ದಿನಕ್ಕೆ ಮುಂಚೆ ಸುತ್ತಿ ಅಟ್ಟಕ್ಕೆ ಹಾಕುತ್ತೇನೆ. ನಮ್ಮಮ್ಮ ಆ ದಿನಕ್ಕೆ ಮುಂಚೆ ಚಳಿಗಾಲದ ಸಾಮಾನನ್ನೆಲ್ಲ ಎತ್ತಿಡಿಸುತ್ತಿದ್ದಳು. ಮೊದಲ ಬಿಸಿಲಿಗೆ ಮನೆಯ ದೂಳೆಲ್ಲ ಕಾಣುತ್ತದೆ, ನೆರೆಯವರು ಸೂರ್ಯನ ಬನ್ನು ಹಿಡಿದು ಬರುವ ಹೊತ್ತಿಗೆ ಮನೆ ಮನೆಯ ಹಾಗಿರಬೇಕು ಎನ್ನುತ್ತಿದ್ದಳು. ಬೇಸಿಗೆಯಲ್ಲಿ ಚಿತ್ರ ನೋಡಲು ಯಾರಿಗೆ ಪುರುಸೊತ್ತು?

ಒಂದೇ ಮಾತು. ದೀಪ ಹೇಗಾದರೂ ಹಾಕು, ನನ್ನ ಹಿಮ ಬಿಳಿಯಾಗಿ ಕಾಣಬೇಕು. ಆ ಬಿಳಿಗೆ ನಾನು ಪಟ್ಟ ಪಾಡು ನನಗೇ ಗೊತ್ತು.

ಮುಲ್ತೆ ಹಣ್ಣಿನ ಜಾಮ್ ಒಂದು ಬಾಟಲಿ ಕಂಬಳಿಯೊಳಗಿದೆ. ಗಡ್ಡದವನಿಗೆ ಕೊಡಬೇಡ, ನೀನು ತಿನ್ನು.

ಅಮ್ಮ


ಬೆರ್ಗೆನ್
14 ನವೆಂಬರ್

ಅಮ್ಮಾ,

ಜಾಮ್ ಮುಗಿಯಿತು. ಚಿತ್ರಗಳು ಬಂದಿವೆ, ಒಂದಕ್ಕೂ ಗೀರು ಬಿದ್ದಿಲ್ಲ.

ಬೆಳಕಿನ ಕೆಲಸ ಸುಖದ್ದು ಅಂದಿದ್ದೆನಲ್ಲ, ಆ ಮಾತು ವಾಪಸ್ಸು ತೆಗೆದುಕೊಳ್ಳುತ್ತೇನೆ. ಮೊದಲು ನಾಟಕದ ದೊಡ್ಡ ಹಳದಿ ದೀಪಗಳನ್ನು ತಂದು ನೇರ ಮುಖಕ್ಕೆ ಬಿಟ್ಟೆ. ಎಣ್ಣೆಬಣ್ಣ ಕನ್ನಡಿಯಂತೆ ಹೊಳೆದು ಚಿತ್ರದ ಬದಲು ದೀಪವೇ ಕಾಣಿಸಿತು. ಮೇಲಿಂದ ಇಳಿಜಾರಾಗಿ ಹಾಕಿದೆ, ಚೌಕಟ್ಟಿನ ನೆರಳು ಬೆಟ್ಟದ ಮೇಲೆಲ್ಲ ಬಿತ್ತು. ಹಿಂದಕ್ಕೆ ಸರಿಸಿದೆ, ನೋಡುವವರ ತಲೆಯ ನೆರಳು. ಏಣಿ ಹತ್ತಿ ಇಳಿದು ತೊಡೆ ಹಿಡಿದುಕೊಂಡಿದೆ. ಆದರೆ ಆ ಸಂಕಟದಲ್ಲೂ ಎಂಥ ಖುಷಿ ಗೊತ್ತಾ? ದೀಪ ಒಂದು ಗೇಣು ಜರುಗಿದರೆ ಸಾಕು, ಅಲ್ಲಿಯವರೆಗೆ ಬರೀ ಕಪ್ಪಾಗಿದ್ದ ಸಮುದ್ರದೊಳಗೆ ನೀನು ಹಚ್ಚಿದ ಹಸಿರು ಎದ್ದು ಬರುತ್ತದೆ. ನಾನು ಒಬ್ಬಳೇ ಏಣಿಯ ಮೇಲೆ ನಗುತ್ತಿದ್ದೆ.

ಕೊನೆಗೆ ಹಾಲ್ವರ್ ಹಗಲಿನಂತೆ ಬಿಳಿ ಬೆಳಕು ಕೊಡುವ ಹೊಸ ಟ್ಯೂಬ್‌ಗಳನ್ನು ತರಿಸಿದ. ಅವನ್ನು ಹಚ್ಚಿದೆವು. ಅಮ್ಮಾ, ಹೇಗೆ ಹೇಳಲಿ? ಪ್ರತಿಯೊಂದು ಚಿತ್ರದಲ್ಲೂ ಬಿಳಿ ಹಿಮದ ನಡುವೆ ಒಬ್ಬ ಹಳದಿ ಮನುಷ್ಯ ನಿಂತಿದ್ದಾನೆ. ನಿಂಬೆಹಣ್ಣಿನ ಹಳದಿ. ಕಣ್ಣು ಮೂಗು ಇಲ್ಲ, ಬರೀ ಆಕಾರ. ಬೆನ್ನು ನಮ್ಮ ಕಡೆ, ಮುಖ ಬೆಟ್ಟದ ಕಡೆ.

ಹಾಲ್ವರ್ ಕುರ್ಚಿಯಿಂದ ಎದ್ದೇಬಿಟ್ಟ. "ನಿಮ್ಮಮ್ಮ ಸಾಮಾನ್ಯದೋರಲ್ಲ ಕಣೆ. ಇದೇ ಪ್ರದರ್ಶನದ ಹೆಸರು, 'ಹಳದಿ ಮನುಷ್ಯ'. ಬೇರೆ ಮಾತೇ ಇಲ್ಲ." ಅವನು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ಇಲ್ಲಿ ಯಾರೂ ಕೇಳಿರಲಿಲ್ಲವಂತೆ.

ನಾನು ಮಾತ್ರ ಚಿತ್ರದ ಹತ್ತಿರ ಹೋದೆ. ಆ ಮನುಷ್ಯನ ಎಡಭುಜ ಕೊಂಚ ಇಳಿದಿದೆ. ಕೈಗಳು ಬೆನ್ನ ಹಿಂದಿವೆ. ಫೋಟೊಗಳಲ್ಲಿ ಇದು ಬಿಳಿಯಲ್ಲಿ ಬಿಳಿಯಾಗಿ ಸೇರಿಹೋಗಿತ್ತು. ನೀನು ನನಗೂ ಹೇಳಲಿಲ್ಲವಲ್ಲ, ಕಳ್ಳಿ. ಅಪ್ಪ ಎಷ್ಟು ಚೆನ್ನಾಗಿ ಬಂದಿದ್ದಾರೆ.

ನಿನ್ನ
ಎಲ್ದ್ರಿದ್


ಹಾವ್ನೆಸ್
23 ನವೆಂಬರ್

ಎಲ್ದ್ರಿದ್,

ನನ್ನ ಚಿತ್ರಗಳಲ್ಲಿ ಮನುಷ್ಯರಿಲ್ಲ. ಹಿಮ, ಕಡಲು, ಬೆಟ್ಟ, ಪೆಡರನ ದೋಣಿ. ಅಷ್ಟೇ. ಹಳದಿ ಬಣ್ಣವನ್ನು ನಾನು ತರಿಸಿಯೇ ಇಲ್ಲ.

ನಿಮ್ಮ ದೀಪ ಹಾಳಾಗಿದೆ, ಇಲ್ಲ ನಿಮ್ಮ ಕಣ್ಣು. ಮುಂದಿನ ಹಡಗಿಗೆ ಹನ್ನೊಂದನ್ನೂ ವಾಪಸ್ಸು ಕಳಿಸು.

ತೋರ್ದಿಸ್


ಬೆರ್ಗೆನ್
2 ಡಿಸೆಂಬರ್

ಅಮ್ಮಾ,

ನೀನು 'ಅಮ್ಮ' ಎಂದು ಬರೆಯದೆ ಹೆಸರು ಬರೆದದ್ದು ಕಂಡು ಕಾಗದವನ್ನು ಮತ್ತೆ ಮೊದಲಿಂದ ಓದಿದೆ. ನಾನು ತಮಾಷೆ ಮಾಡಲಿಲ್ಲ. ದೀಪವೂ ಸರಿಯಾಗಿದೆ, ಕಣ್ಣೂ ಸರಿಯಾಗಿದೆ.

ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೆಯ ದಿನ ಚಿತ್ರಶಾಲೆಯ ಕಾಫಿ ಯಂತ್ರದ ಮುಂದೆ ನಿಂತಿದ್ದಾಗ ನಮ್ಮ ಅಡುಗೆಮನೆ ದೀಪ ನೆನಪಾಯಿತು. ಅಪ್ಪ ಒಡೆದ ಹಡಗಿನ ಸಾಮಾನು ಹರಾಜಿನಲ್ಲಿ ತಂದದ್ದಲ್ಲವೇ, ಜೇನುತುಪ್ಪದ ಬಣ್ಣದ ಗಾಜಿನದು? ನೀನು ಬರೆಯುವುದೆಲ್ಲ ಆ ದೀಪದ ಕೆಳಗೇ.

ಓಡಿ ಹೋಗಿ ನಾಟಕಶಾಲೆಯಿಂದ ಅದೇ ಬಣ್ಣದ ತೆಳು ಹಾಳೆ ತಂದು ದೀಪಗಳ ಬಾಯಿಗೆ ಕಟ್ಟಿದೆ, ಟ್ಯೂಬ್‌ಗಳನ್ನು ಆರಿಸಿದೆ. ಹಳದಿ ಮನುಷ್ಯ ಮಾಯ. ಹಿಮ ಅಂದರೆ ಹಿಮ, ಗೋಡೆಯುದ್ದಕ್ಕೂ ಒಂದೇ ಬಿಳಿ. ಹಾಳೆ ತೆಗೆದು ಟ್ಯೂಬ್ ಹಚ್ಚಿದರೆ ಮತ್ತೆ ಬಂದು ನಿಲ್ಲುತ್ತಾರೆ. ಎಲ್ಲ ಬೆಳಕೂ ಹಳದಿಯಾದಾಗ ಹಳದಿ ಬಣ್ಣವೂ ಬಿಳಿಯೂ ಒಂದೇ ಆಗಿಬಿಡುತ್ತವೆ, ನಾಟಕದಲ್ಲಿ ನಾನೇ ಎಷ್ಟು ಸಲ ಹೀಗೆ ಬಟ್ಟೆಯ ಬಣ್ಣ ಮರೆಸಿದ್ದೇನೆ. ಆದರೂ ಹೊಳೆಯಲು ಇಷ್ಟು ದಿನ ಬೇಕಾಯಿತು.

ನೀನು ಬಿಳಿ ಎಂದು ಹಚ್ಚಿದ ಯಾವುದೋ ಬಣ್ಣ ಬಿಳಿಯಲ್ಲ, ಅಮ್ಮಾ. ಆ ಬಣ್ಣದ ಟ್ಯೂಬನ್ನು ಕಿಟಕಿಯ ಹತ್ತಿರ ಒಯ್ದು, ಮಧ್ಯಾಹ್ನದ ನೀಲಿ ಬೆಳಕು ಇರುವಾಗಲೇ ನೋಡು.

ಈಗ ನಿಜ ವಿಷಯ. ಹಾಲ್ವರ್‌ಗೆ ಹಳದಿ ಮನುಷ್ಯ ಬೇಕೇ ಬೇಕು. "ಅವನಿಲ್ಲದಿದ್ರೆ ಇದು ಚೆಂದದ ಹಿಮ, ಅಷ್ಟೇ. ಅದಕ್ಕೆ ನಾನು ಗೋಡೆ ಕೊಡಲ್ಲ" ಎಂದ. ನಾನು ಅವನಿಗೆ ಹೇಳಿದೆ: "ಗೋಡೆ ನಿಂದು, ಚಿತ್ರ ಅಮ್ಮಂದು, ಸ್ವಿಚ್ಚು ನಂದು." ಈಗ ನಾವಿಬ್ಬರೂ ಮಾತಾಡುತ್ತಿಲ್ಲ.

ನೀನು ಯಾವ ಬೆಳಕು ಹೇಳುತ್ತೀಯೋ ಅದನ್ನೇ ಹಾಕುತ್ತೇನೆ. ಜೇನಿನ ಬೆಳಕು ಎಂದರೆ ಅಪ್ಪ ಯಾರಿಗೂ ಕಾಣುವುದಿಲ್ಲ, ಪ್ರದರ್ಶನ ಬಹುಶಃ ನಿಂತುಹೋಗುತ್ತದೆ. ಹೋಗಲಿ. ವಾಪಸ್ಸು ಕಳಿಸು ಎಂದರೆ ಕಳಿಸುತ್ತೇನೆ. ಆದರೆ ನನಗೆ ಅವರನ್ನು ನೋಡಿ ಎಷ್ಟು ಸಂತೋಷವಾಯಿತು ಎಂಬುದನ್ನು ಮಾತ್ರ ಬಚ್ಚಿಡಲಾರೆ.

ನಿನ್ನ
ಎಲ್ದ್ರಿದ್


ಹಾವ್ನೆಸ್
13 ಡಿಸೆಂಬರ್

ಮಗಳೇ,

ಕಿಟಕಿಯ ಹತ್ತಿರ ನೋಡಿದೆ. ಸಾಲದೆಂದು ಅಂಗಳಕ್ಕೆ ಹೋಗಿ ಹಿಮದ ಮೇಲೆ ಬಣ್ಣ ಹಿಂಡಿದೆ. ನಾಯಿ ಉಚ್ಚೆ ಹೊಯ್ದ ಹಾಗಿತ್ತು. ಪೆಡರ್ ಬೇಲಿಯಾಚೆಯಿಂದ, "ತೋರ್ದಿಸ್, ಏನಾಯ್ತೇ ನಿಂಗೆ?" ಎಂದು ಕೇಳಿದ. ಟ್ಯೂಬಿನ ಮುಚ್ಚಳ ಹಾಕಿಕೊಂಡು ಒಳಗೆ ಬಂದೆ.

ನಡೆದದ್ದು ಇಷ್ಟು. ಒಳ್ಳೆಯ ಬಿಳಿ ದುಬಾರಿ, ಸಣ್ಣ ಟ್ಯೂಬು. ಅಳಿಸಿ ಮುಚ್ಚುವುದಕ್ಕೆ ಅಷ್ಟು ಒಳ್ಳೆಯದು ಯಾಕೆ ಎಂದು ಅಗ್ಗದ್ದು ದೊಡ್ಡದೊಂದು ಟಪಾಲಿನಲ್ಲಿ ತರಿಸಿದ್ದೆ. ಬಂದದ್ದು ಕತ್ತಲೆಗಾಲದಲ್ಲಿ, ಬಿಚ್ಚಿದ್ದು ಆ ದೀಪದ ಕೆಳಗೆ. ಮುಚ್ಚಳದ ಮೇಲೆ ಬರೀ ನಂಬರು. ಬೆಳ್ಳಗೇ ಕಂಡಿತು. ಮುಗಿದಾಗಲೆಲ್ಲ ಅದೇ ನಂಬರು ಬರೆದು ತರಿಸುತ್ತಾ ಬಂದೆ. ಸ್ವೆಟರಿನ ತೋಳಿನ ಮೇಲೆ ಹಳದಿ ಕಂಡದ್ದುಂಟು. ಮೊಟ್ಟೆ ಎಂದುಕೊಂಡು ಒಗೆಯುತ್ತಿದ್ದೆ. ಐದು ಚಳಿಗಾಲ ಮೊಟ್ಟೆ ಚೆಲ್ಲಿಕೊಂಡು ತಿನ್ನುವ ಮುದುಕಿಯಾದೆ ಎಂದು ನನ್ನನ್ನು ನಾನೇ ಬೈದುಕೊಂಡಿದ್ದೇನೆ.

ಮನುಷ್ಯರಿಲ್ಲ ಎಂದು ಬರೆದದ್ದು ಸುಳ್ಳಲ್ಲ, ಮುಗಿದ ಚಿತ್ರದಲ್ಲಿ ಇರಲಿಲ್ಲ. ಶುರುವಿನಲ್ಲಿ ಇರುತ್ತಿದ್ದರು. ನಿಮ್ಮಪ್ಪ ತೀರಿಕೊಂಡ ಮೇಲೆ, ಅವರನ್ನು ಮೊದಲು ನಿಲ್ಲಿಸದೆ ನನಗೆ ಯಾವ ಚಿತ್ರವೂ ಹತ್ತುವುದಿಲ್ಲ. ಅವರು ಅಲ್ಲಿ ನಿಂತ ಮೇಲೆ ಬೆಟ್ಟ ಎಲ್ಲಿ, ಕಡಲು ಎಲ್ಲಿ ಎಂಬುದು ತಾನಾಗಿ ತಿಳಿಯುತ್ತದೆ. ಅವರ ಸುತ್ತ ಬರೆಯುತ್ತೇನೆ, ಅವರ ಜೊತೆ ಮಾತಾಡುತ್ತೇನೆ, ಜಗಳವೂ ಆಡುತ್ತೇನೆ. ಎಲ್ಲ ಮುಗಿದ ಮೇಲೆ ಉಳಿಯುವುದು ಅವರ ಜಾಗವೊಂದೇ. ಅದನ್ನು ಆ ಅಗ್ಗದ ಬಿಳಿಯಿಂದ ತುಂಬಿಬಿಡುತ್ತೇನೆ.

ಯಾಕೆ ಎಂದು ನೀನು ಕೇಳುತ್ತೀ. ನನ್ನ ಈವಾರ್‌ಗೆ ಫೋಟೊ ಎಂದರೆ ಎಷ್ಟು ಕಿರಿಕಿರಿಯಾಗುತ್ತಿತ್ತು ಎಂದು ಮರೆತೆಯಾ? ನಮ್ಮ ಮದುವೆ ಫೋಟೊದಲ್ಲೇ ಬೇರೆ ಕಡೆ ನೋಡುತ್ತಿದ್ದಾರೆ. "ನೋಡೋಕೆ ಏನಿದೆ ನನ್ನಲ್ಲಿ? ಬೆಟ್ಟ ನೋಡ್ರಿ" ಎನ್ನುತ್ತಿದ್ದರು. ನನ್ನ ಸಂತೋಷಕ್ಕೆ ಬರೆದೆ, ಅವರ ಮರ್ಯಾದೆಗೆ ಮುಚ್ಚಿದೆ. ಈಗ ಅವರನ್ನು ಬೆರ್ಗೆನ್‌ನವರೆಲ್ಲ ಸಾಲುಗಟ್ಟಿ ನೋಡುವುದೆಂದರೆ ನನಗೆ ನಿದ್ದೆ ಬರುತ್ತಿಲ್ಲ.

ಆದರೂ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಅವರು ಅಲ್ಲಿ ಕಾಣುತ್ತಿದ್ದಾರೆ ಎಂದು ನೀನು ಬರೆದಂದಿನಿಂದ ನನಗೆ ಹೊಟ್ಟೆಕಿಚ್ಚು. ನೀನು ನೋಡಿದೆ, ಗಡ್ಡದವನು ನೋಡಿದ, ನಾನು ನೋಡಿಲ್ಲ.

ಏನನ್ನೂ ಕಳಿಸಬೇಡ. ಯಾವ ಬೆಳಕು ಎಂದು ಕಾಗದದಲ್ಲಿ ಹೇಳಲಾರೆ. ಕ್ರಿಸ್ಮಸ್ ಮುಗಿಸಿಕೊಂಡು ನಾನೇ ಹಡಗು ಹತ್ತುತ್ತೇನೆ. ಹಾಸಿಗೆ ಗಟ್ಟಿಯದು ಇರಲಿ.

ಅಮ್ಮ


ಬೆರ್ಗೆನ್
14 ಜನವರಿ 1989

ಅಮ್ಮಾ,

ಈ ಕಾಗದ ತಲುಪುವ ಮೊದಲೇ ನೀನು ಮನೆ ಸೇರಿ ಒಲೆ ಹಚ್ಚಿರುತ್ತೀ. ನೀನು ಹಡಗು ಹತ್ತಿದ ಮೇಲೆ ಇಲ್ಲಿ ಆದದ್ದನ್ನೆಲ್ಲ ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ.

ಪತ್ರಿಕೆಯಲ್ಲಿ ಅರ್ಧ ಪುಟ ಬಂದಿದೆ, ಜೊತೆಗಿಟ್ಟಿದ್ದೇನೆ. "ಹಳದಿಯ ಧೈರ್ಯ" ಎಂದೆಲ್ಲ ಬರೆದಿದ್ದಾರೆ. ಅಗ್ಗದ ಬಣ್ಣದ ಟ್ಯೂಬಿನ ಧೈರ್ಯ ಎಂದು ನಾನು ಯಾರಿಗೂ ಹೇಳಿಲ್ಲ. ನಿನ್ನೆ ಒಬ್ಬಾಕೆ ಮೂರನೆಯ ಚಿತ್ರದ ಮುಂದೆ ನಿಂತವಳು ಕದಲಲೇ ಇಲ್ಲ. ಹತ್ತಿರ ಹೋದೆ.

"ಇವರು ಯಾರನ್ನ ಕಾಯ್ತಿದ್ದಾರೆ?" ಎಂದಳು.

"ಸೂರ್ಯನ್ನ" ಎಂದೆ.

"ನಮ್ಮೆಜಮಾನ್ರೂ ಹೀಗೇ ನಿಲ್ಲೋರು, ಬಸ್ಸಿಗೆ" ಎಂದು ಕಣ್ಣೊರೆಸಿಕೊಂಡು ನಕ್ಕಳು.

ಹಾಲ್ವರ್ ಮತ್ತೆ ನನ್ನ ಜೊತೆ ಮಾತಾಡುತ್ತಿದ್ದಾನೆ. ಮೊದಲ ಚಿತ್ರವನ್ನು ನೀನು ಗೋಡೆಯಿಂದ ಇಳಿಸಿ ಕಂಕುಳಲ್ಲಿ ಇಟ್ಟುಕೊಂಡು ಹೋದದ್ದಕ್ಕೆ ಇನ್ನೂ ಗೊಣಗುತ್ತಾನೆ. "ಅದನ್ನ ಕೊಳ್ಳೋಕೆ ಮೂರು ಜನ ಕೇಳಿದ್ರು" ಎಂದ. "ಅಮ್ಮನ್ನ ತಡೀಬೇಕಿತ್ತು" ಎಂದೆ. ಖಾಲಿ ಮೊಳೆಯ ಮೇಲೂ ಒಂದು ದೀಪ ಬಿಟ್ಟಿದ್ದೇನೆ, ಜನ ಅದನ್ನೂ ಗಂಭೀರವಾಗಿ ನೋಡುತ್ತಾರೆ.

ಒಂದು ವಿಷಯ ಕೇಳಬೇಕೋ ಬೇಡವೋ ಗೊತ್ತಿಲ್ಲ. ಹೋದ ಶನಿವಾರ ಬಾಗಿಲು ತೆರೆಯುವ ಮುಂಚೆ ನಿನ್ನ ಕೈಗೆ ಎರಡು ಗುಂಡಿಗಳ ಪೆಟ್ಟಿಗೆ ಕೊಟ್ಟು, ಒಂದು ಜೇನು, ಒಂದು ಬಿಳಿ ಎಂದು ಹೇಳಿ, ನಾನು ಹಾಲ್ವರ್‌ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದೆ. ಅವನು ಉಗುರು ಕಚ್ಚುತ್ತಿದ್ದ, ನಾನೂ. ತಿರುಗಿ ಬಂದಾಗ ಬಿಳಿ ದೀಪ ಉರಿಯುತ್ತಿತ್ತು. ನೀನು ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. "ಇರ್ಲಿ ಬಿಡು. ಆದ್ರೆ ಸಂಜೆ ಬಾಗಿಲು ಹಾಕೋ ಹೊತ್ತಿಗೆ ಆ ಇನ್ನೊಂದನ್ನ ಹಚ್ಚಿ ಹೋಗಿ. ಜನದ ಮಧ್ಯೆ ಅವರು ಜಾಸ್ತಿ ಹೊತ್ತು ಇರೋರಲ್ಲ" ಎಂದೆ ನೀನು. ಅಷ್ಟೇ. ದಿನವೂ ತಪ್ಪದೆ ಹಾಗೇ ಮಾಡುತ್ತಿದ್ದೇನೆ. ಜೇನಿನ ಬೆಳಕು ಏರುತ್ತಿದ್ದಂತೆ ಅವರು ಮೆಲ್ಲಗೆ ಕರಗುವುದನ್ನು ನೋಡಿಯೇ ಮನೆಗೆ ಹೋಗುತ್ತೇನೆ.

ಆ ದಿನ ಒಳಗೆ ಒಬ್ಬಳೇ ಇದ್ದಾಗ ಏನಾಯಿತು?

ನಿನ್ನ
ಎಲ್ದ್ರಿದ್


ಹಾವ್ನೆಸ್
22 ಜನವರಿ

ಮಗಳೇ,

ಪತ್ರಿಕೆಯ ಅರ್ಧ ಪುಟವನ್ನು ಪೆಡರ್ ಎರಡು ಸಲ ಗಟ್ಟಿಯಾಗಿ ಓದಿದ. "ಬೆರ್ಗೆನ್‌ನೋರಿಗೂ ಸ್ವಲ್ಪ ಬುದ್ಧಿ ಇದೆ ಅನ್ನು" ಎಂದ. ಅವನ ಬಾಯಿಂದ ಇದು ದೊಡ್ಡ ಮಾತು.

ನೀನು ಕೇಳಿದ್ದಕ್ಕೆ ಹೇಳುತ್ತೇನೆ. ಮೊದಲು ಜೇನಿನ ದೀಪ ಹಚ್ಚಿದೆ. ನಮ್ಮ ಅಡುಗೆಮನೆಯೇ ಅಲ್ಲಿಗೆ ಬಂದಂತಾಯಿತು. ಹಿಮ ನಾನು ಬರೆದಂತೆಯೇ ಬೆಳ್ಳಗಿತ್ತು, ಎಲ್ಲೂ ಕಲೆಯಿಲ್ಲ. ಇದೇ ಸರಿ, ಇದನ್ನೇ ಇಟ್ಟು ಮನೆಗೆ ಹೋಗುತ್ತೇನೆ ಎಂದುಕೊಂಡೆ. ಕೋಟನ್ನೂ ಹಾಕಿಕೊಂಡೆ. ಆಮೇಲೆ ತಡೆಯಲಾಗಲಿಲ್ಲ. ಒಂದು ಸಲ ನೋಡಿ ಆರಿಸಿಬಿಡುತ್ತೇನೆ ಎಂದು ಇನ್ನೊಂದು ಗುಂಡಿ ಒತ್ತಿದೆ.

ಹನ್ನೊಂದು ಕಡೆ ನಿಂತಿದ್ದರು, ಎಲ್ದ್ರಿದ್. ಒಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ಬೆಟ್ಟದ ಕಡೆ. ಐದು ಚಳಿಗಾಲ ನಾನೇ ಬರೆದು ನಾನೇ ಮುಚ್ಚಿದ ಬೆನ್ನು, ಮುಚ್ಚುವಾಗ ಭುಜದ ಗೆರೆ ಮೀರದ ಹಾಗೆ ಎಷ್ಟು ಜೋಪಾನ ಮಾಡಿದ್ದೆ ಎಂಬುದು ಆಗ ಕಂಡಿತು. ಹೋಗಿ ಎನ್ನುತ್ತಲೇ ಅವರನ್ನು ಹಿಡಿದಿಟ್ಟುಕೊಂಡಿದ್ದೆ. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ದುಃಖಕ್ಕೆ ಎಂದು ಪೂರ್ತಿ ಹೇಳಲಾರೆ. ಹಡಗಿನಿಂದ ಇಳಿದವರನ್ನು ಕಟ್ಟೆಯ ಮೇಲೆ ಕಂಡಾಗ ಅಳು ಬರುತ್ತದಲ್ಲ, ಹಾಗೆ. ಆಮೇಲೆ ಅವರಿಗೇ ಹೇಳಿದೆ: "ನಿಮ್ಮ ಮುಖ ಯಾರೂ ನೋಡಲ್ಲ ಈವಾರ್, ಬೆನ್ನು ತಾನೆ, ಸ್ವಲ್ಪ ಸಹಿಸ್ಕೊಳ್ಳಿ." ಅವರು ಬೇಡ ಎನ್ನಲಿಲ್ಲ.

ಇನ್ನು ನಿನ್ನೆಯ ಸುದ್ದಿ. ನಿನ್ನೆ ನಮ್ಮಲ್ಲಿ ಸೂರ್ಯನ ದಿನ. ಈ ಸಲ ಮನೆ ಗುಡಿಸಲಿಲ್ಲ, ಏನನ್ನೂ ಎತ್ತಿಡಲಿಲ್ಲ, ನಮ್ಮಮ್ಮ ಇದ್ದಿದ್ದರೆ ಪೊರಕೆ ತೆಗೆದುಕೊಳ್ಳುತ್ತಿದ್ದಳು. ಬೆರ್ಗೆನ್‌ನಿಂದ ತಂದ ಚಿತ್ರವನ್ನು ತೆಂಕಣ ಕಿಟಕಿಯ ಎದುರು ಗೋಡೆಗೆ ಹಾಕಿ, ಅಡುಗೆಮನೆಯ ಆ ದೀಪ ಆರಿಸಿ, ಕಾಫಿ ಇಟ್ಟುಕೊಂಡು ಕೂತೆ. ಶಾಲೆ ಮಕ್ಕಳೆಲ್ಲ ಚರ್ಚಿನ ಹಿಂದಿನ ಗುಡ್ಡ ಹತ್ತುತ್ತಿದ್ದರು. ನಿಮ್ಮಪ್ಪ ಪ್ರತಿ ವರ್ಷ ಅವರಿಗಿಂತ ಮುಂಚೆ ಹತ್ತಿ ನಿಂತಿರುತ್ತಿದ್ದರು, ನೆನಪಿದೆಯಲ್ಲ.

ಬೆಟ್ಟಗಳ ಸಂದಿನಿಂದ ಬಿಸಿಲು ಬಂತು. ಮೊದಲು ಒಲೆಯ ಮೇಲೆ ಬಿತ್ತು, ಆಮೇಲೆ ಮೇಜಿನ ಮೇಲಿನ ದೂಳಿನ ಮೇಲೆ, ಆಮೇಲೆ ಗೋಡೆಯ ಮೇಲೆ. ಹಿಮದೊಳಗಿಂದ ಅವರು ಎದ್ದು ಬಂದರು. ಪೆಡರ್ ಬನ್ನಿನ ತಟ್ಟೆ ಹಿಡಿದು ಒಳಗೆ ಬಂದವನು ಹೊಸಿಲಲ್ಲೇ ನಿಂತ. ಟೋಪಿ ತೆಗೆದ. "ಈವಾರ್ ಅಲ್ವೇನೇ" ಎಂದ. ಹೌದು ಎಂದೆ. ಇಬ್ಬರೂ ಬನ್ನು ತಿನ್ನುತ್ತಾ ಕೂತೆವು, ಒಂದು ಬನ್ನು ತಟ್ಟೆಯಲ್ಲೇ ಬಿಟ್ಟೆವು.

ಬಿಸಿಲು ಕಾಫಿ ಆರುವಷ್ಟು ಹೊತ್ತೂ ಇರಲಿಲ್ಲ. ಹೋಯಿತು. ದೀಪ ಹಚ್ಚಿದೆ, ಅವರೂ ಹೋದರು. ಇವತ್ತು ಮತ್ತೆ ಬರುತ್ತಾರೆ, ನಿನ್ನೆಗಿಂತ ಸ್ವಲ್ಪ ಜಾಸ್ತಿ ಹೊತ್ತು ಇರುತ್ತಾರೆ.

ಅಮ್ಮ